ಬೆಳಕಿಗೆ ಬಿಚ್ಚುವ ಗಂಟು

ಜೂನ್ 9

ಮೇಡಂ ಅವರಿಗೆ ನಮಸ್ಕಾರ.

ನಾನು ನಿಮ್ಮ ಕೈಕೆಳಗೆ ಪಿಎಚ್‌ಡಿ ಮಾಡುತ್ತಿರುವ ಹುಡುಗನ ತಾಯಿ. ನಿಮ್ಮ ದಾಖಲೆಯಲ್ಲಿ ಅವನಿಗೆ ಉದ್ದನೆಯ ಹೆಸರಿದೆ, ಮನೆಯಲ್ಲಿ ಮಾತ್ರ ಗುಂಡ. ಹುಟ್ಟಿದಾಗ ಹಾಗೇ ಇದ್ದ. ಈಗ ಕಡ್ಡಿಯಾಗಿದ್ದಾನೆ, ಹೆಸರು ಉಳಿದುಕೊಂಡಿದೆ.

ನಾನು ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ದಿನವಿಡೀ ಮಾತಾಡುವ ಕೆಲಸ, ಆದರೂ ನಿಮಗೆ ಬರೆಯಲು ಮೂರು ದಿನ ಯೋಚಿಸಿದೆ. ವಿಭಾಗದ ಫೋನಿಗೆ ಮಾಡಿದರೆ ಯಾರೂ ಎತ್ತುವುದಿಲ್ಲ. ಗುಂಡನಿಗೆ ಗೊತ್ತಾದರೆ "ಅಮ್ಮಾ, ಮಾನ ತೆಗೆದೆ" ಅಂತಾನೆ, ಹೇಳಬೇಡಿ.

ವಿಷಯ ಇಷ್ಟೇ. ಅವನು ಮನೆಗೆ ಬಂದು ಎಷ್ಟೋ ಕಾಲವಾಯಿತು. ಪ್ರತಿ ಭಾನುವಾರ ತಪ್ಪದೆ ಫೋನ್ ಮಾಡುತ್ತಾನೆ. ಬಾ ಅಂದರೆ, "ಲ್ಯಾಬಲ್ಲಿ ಕೆಲಸ ಇದೆಯಮ್ಮ, ಮೇಡಂ ಬಿಡಲ್ಲ" ಅನ್ನುತ್ತಾನೆ. ಅವನ ಅಪ್ಪ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಮ್ಮ ಡಿಪೊದಲ್ಲೂ ವಾರಕ್ಕೊಂದು ದಿನ ರಜೆ ಕೊಡುತ್ತಾರೆ. ಅವನು ಫೋನಿನಲ್ಲಿ ಹೇಳುವ ನಿಮ್ಮ ಲ್ಯಾಬಿನ ಸಿಲಿಕಾ ಕಾಳುಗಳು ಒಂದು ವಾರ ಅವನಿಲ್ಲದೆ ಇರಲಾರವೇ? ದಯವಿಟ್ಟು ಅವನನ್ನು ಒಮ್ಮೆ ಕಳಿಸಿಕೊಡಿ.

ಇತಿ,
ಗುಂಡನ ಅಮ್ಮ

---

ಜೂನ್ 17

ಅಮ್ಮನವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಒಂದು ಮಾತು ಕೇಳಬೇಕು: ನೀವು ಆರೋಗ್ಯವಾಗಿದ್ದೀರಾ?

ಏಕೆಂದರೆ ನಿಮ್ಮ ಮಗ ಮಾರ್ಚ್ ತಿಂಗಳ ಕೊನೆಯಲ್ಲಿ ನನ್ನ ಕೋಣೆಗೆ ಬಂದು, ನಿಮಗೆ ದೊಡ್ಡ ಆಪರೇಷನ್ ಆಗಿದೆ, ನೋಡಿಕೊಳ್ಳಲು ಯಾರೂ ಇಲ್ಲ ಎಂದು ಹೇಳಿ ಹೋದ. ಅಂದಿನಿಂದ ಲ್ಯಾಬಿಗೆ ಬಂದಿಲ್ಲ. ಹಾಸ್ಟೆಲ್ ಕೋಣೆ ಖಾಲಿ ಮಾಡಿದ್ದಾನೆ. ನಾನು ಫೋನ್ ಮಾಡಿದರೆ ಎತ್ತುವುದಿಲ್ಲ. ತಾಯಿಯ ಹಾಸಿಗೆಯ ಪಕ್ಕ ಕುಳಿತಿದ್ದಾನೆ, ತೊಂದರೆ ಕೊಡಬಾರದು ಎಂದುಕೊಂಡು ನಾನೂ ಸುಮ್ಮನಾದೆ.

ಅವನು ಹೋಗುವ ಮೊದಲು ನಮ್ಮಲ್ಲಿ ಒಂದು ಅವಘಡ ನಡೆದಿತ್ತು. ಅವನಿಗೆ ಪೆಟ್ಟಾಗಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ಏನೋ ಎಂದು ಈಗ ಯೋಚಿಸುತ್ತಿದ್ದೇನೆ.

ಇನ್ನೊಂದು ವಿಷಯ ಹೇಳಲೇಬೇಕು. ಸೆಪ್ಟೆಂಬರ್ ಮುಗಿಯುವುದರೊಳಗೆ ಅವನು ಬಂದು ಹಾಜರಾಗದಿದ್ದರೆ ಅವನ ಸೀಟು ಹೋಗುತ್ತದೆ. ಅದನ್ನು ಉಳಿಸುವುದು ನನ್ನ ಕೈಯಲ್ಲಿಲ್ಲ. ನನ್ನ ನಂಬರ್ ಕೆಳಗಿದೆ. ಯಾವ ಹೊತ್ತಿನಲ್ಲಾದರೂ ಮಾಡಿ.

ನಿಮ್ಮ ಮಗನ ಗೈಡ್

---

ಜೂನ್ 22

ಮೇಡಂ,

ನನಗೆ ಯಾವ ಆಪರೇಷನ್ನೂ ಆಗಿಲ್ಲ. ಗಟ್ಟಿಮುಟ್ಟಾಗಿದ್ದೇನೆ. ನಿಮ್ಮ ನಂಬರನ್ನು ಎರಡು ಸಲ ಒತ್ತಿ ಕಟ್ ಮಾಡಿದೆ. ಮಾತಾಡಿದರೆ ಅಳು ಬರುತ್ತದೆ. ಕಾಗದದಲ್ಲಾದರೆ ಅತ್ತಿದ್ದು ಕಾಣುವುದಿಲ್ಲ.

ನಿನ್ನೆ ಭಾನುವಾರ. ಎಂದಿನ ಹಾಗೆ ಫೋನ್ ಬಂತು. "ಏನ್ ಮಾಡ್ತಿದೀಯೋ?" ಅಂದೆ. "ಲ್ಯಾಬಲ್ಲೇ ಇದೀನಮ್ಮ" ಅಂದ. ಹಿಂದೆ ಏನೋ ಗಡಗಡ ಸದ್ದು. "ಅದೇನೋ ಸದ್ದು?" "ಬಾಟ್ಲಿ ಅಲ್ಲಾಡಿಸೋ ಮಷೀನು." ಎಷ್ಟು ಸಲೀಸಾಗಿ ಹೇಳಿದ! ನಾನೂ ಅಷ್ಟೇ ಸಲೀಸಾಗಿ, "ಹೊಟ್ಟೆ ತುಂಬ ತಿನ್ನು" ಅಂದೆ. ಇಬ್ಬರೂ ನಾಟಕದವರೇ.

ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಗೊತ್ತಾಯಿತು ಅಂದರೆ ನಾಚಿಕೆಗೆ ಈ ಭಾನುವಾರದ ಫೋನನ್ನೂ ನಿಲ್ಲಿಸಿಬಿಟ್ಟರೆ? ಈಗ ಅವನಿಗೂ ನನಗೂ ನಡುವೆ ಇರುವುದು ಈ ಒಂದೇ ಎಳೆ. ಎಳೆದು ನೋಡುವ ಧೈರ್ಯ ನನಗಿಲ್ಲ. ನೀವೂ ಎಳೆಯಬೇಡಿ.

ಏನು ಅವಘಡ ಅಂತ ವಿವರವಾಗಿ ಬರೆಯಿರಿ. ನನಗೆ ಅರ್ಥವಾಗುವುದಿಲ್ಲ ಅಂದುಕೊಂಡು ಬಿಟ್ಟುಬಿಡಬೇಡಿ. ಇನ್ನೊಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಆ ದಿನ ನನ್ನ ಮಗನನ್ನು ಯಾರಾದರೂ ಕೂರಿಸಿಕೊಂಡು ಮಾತಾಡಿಸಿದರಾ?

ಗುಂಡನ ಅಮ್ಮ

---

ಜುಲೈ 2

ಅಮ್ಮನವರಿಗೆ,

ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ.

ನಮ್ಮ ಸಿಲಿಕಾ ಅಂದರೆ ಮರಳಿನಲ್ಲಿರುವುದೇ. ಅದನ್ನು ನಾವು ಕಣ್ಣಿಗೆ ಕಾಣದಷ್ಟು ಸಣ್ಣ, ನುಣುಪಾದ ಗುಂಡುಗಳಾಗಿ ಬೆಳೆಸುತ್ತೇವೆ. ಬರಿಯ ಗುಂಡುಗಳು ಒಂದಕ್ಕೊಂದು ಅಂಟಿಕೊಂಡು ಗಂಟುಗಂಟಾಗಿ ತಳಕ್ಕೆ ಕೂತುಬಿಡುತ್ತವೆ. ಹಾಗಾಗದಂತೆ ಪ್ರತಿ ಗುಂಡಿನ ಮೈಮೇಲೆ ಪಾಲಿಮರ್ ಎಳೆಗಳನ್ನು ಬೆಳೆಸುತ್ತೇವೆ. ತಲೆಯ ಮೇಲೆ ಕೂದಲು ಇದ್ದ ಹಾಗೆ ಎಂದುಕೊಳ್ಳಿ. ಎಳೆ ಎಷ್ಟುದ್ದ ಬೆಳೆದಿದೆ ಎಂದು ಅಳೆಯಬೇಕಾದರೆ ಒಳಗಿನ ಗುಂಡನ್ನು ಕರಗಿಸಿ ಎಳೆಗಳನ್ನು ಬಿಡಿಸಿಕೊಳ್ಳಬೇಕು. ಅದಕ್ಕೆ ಗಾಜನ್ನೂ ಕರಗಿಸುವ ಒಂದು ಆಸಿಡ್ ಬಳಸುತ್ತೇವೆ. ಕೆಟ್ಟ ಆಸಿಡ್. ಚರ್ಮದ ಮೇಲೆ ಬಿದ್ದಾಗ ನೋವೇ ಆಗದಿರಬಹುದು. ಒಳಗೆ ಇಳಿದ ಮೇಲೆ ಶುರುವಾಗುತ್ತದೆ.

ನಿಮ್ಮ ಮಗ ಹೊಸಬಳೊಬ್ಬಳಿಗೆ ಈ ಕೆಲಸ ಕಲಿಸುತ್ತಿದ್ದ. ತುಂಬ ಮಾತಾಡುವ ಹುಡುಗಿ, ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಗಿಣಿ ಎನ್ನುತ್ತಾರೆ. ಮಾರ್ಚ್ ಎರಡನೆಯ ಮಂಗಳವಾರ, ಮಧ್ಯಾಹ್ನದ ಹೊತ್ತು. ಅವನು ಸ್ವಲ್ಪ ಹೊತ್ತು ಹೊರಗೆ ಹೋಗಿದ್ದ. ಗಿಣಿಯ ಗ್ಲೋವ್ಸಿನಲ್ಲಿ ಸೂಜಿಮೊನೆಯಷ್ಟು ತೂತಿತ್ತು, ಒಂದು ಹನಿ ಒಳಗೆ ಹೋಯಿತು. ಉರಿಯಲಿಲ್ಲವಾದ್ದರಿಂದ ಅವಳು ಯಾರಿಗೂ ಹೇಳಲಿಲ್ಲ. ಸಂಜೆ ಕಿರುಚಿಕೊಂಡಳು. ನಿಮ್ಮ ಮಗ ಅವಳ ಬೆರಳಿಗೆ ಔಷಧದ ಮುಲಾಮು ತಿಕ್ಕುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಬೆರಳು ಉಳಿಯಿತು. ಉಗುರು ಹೋಯಿತು.

ನಾನು ಆಸ್ಪತ್ರೆಗೆ ಓಡಿದೆ. ಗಿಣಿಯ ತಂದೆತಾಯಿಗೆ ತಿಳಿಸಿದೆ, ಡಾಕ್ಟರ ಜೊತೆ ಮಾತಾಡಿದೆ, ಆಮೇಲೆ ವಿಚಾರಣೆಯವರಿಗೆ ಉತ್ತರ ಕೊಟ್ಟೆ. ನಿಮ್ಮ ಮಗ ವರಾಂಡದ ಬೆಂಚಿನ ಮೇಲೆ ಕೂತಿದ್ದ. ಅವನಿಗೆ ನಾನು ಹೇಳಿದ್ದು ಒಂದೇ ಮಾತು: "ನೀನು ಹೊರಡು, ನಾನು ನೋಡ್ಕೋತೀನಿ." ಸುಸ್ತಾಗಿದ್ದಾನೆ, ಹೋಗಿ ಮಲಗಲಿ ಎಂದು ಹೇಳಿದ್ದು. ಅವನ ಕಿವಿಗೆ ಅದು ಹೇಗೆ ಬಿತ್ತೋ.

ಅವನನ್ನು ಯಾರಾದರೂ ಮಾತಾಡಿಸಿದರಾ ಎಂದು ಕೇಳಿದ್ದೀರಿ. ಇಲ್ಲ.

ಗೈಡ್

---

ಜುಲೈ 8

ಮೇಡಂ,

ಅಂದರೆ ಕೂದಲು ಅಳೆಯುವುದಕ್ಕೆ ನೀವು ತಲೆಯನ್ನೇ ಕರಗಿಸುತ್ತೀರಿ! ಓದಿದವರ ಕೆಲಸ ಓದಿದವರಿಗೇ ಚೆಂದ. ಡ್ರೈವರಣ್ಣನಿಗೆ ಹೇಳಿದೆ, ಅವನ ಬೋಳುತಲೆ ಸವರಿಕೊಂಡು ನಕ್ಕ.

ತಮಾಷೆ ಮಾಡುತ್ತಿದ್ದೇನೆ, ಏಕೆಂದರೆ ಮುಂದಿನ ಮಾತು ಬರೆಯಲು ಕೈ ಬರುತ್ತಿಲ್ಲ.

ನನ್ನ ವಾರದ ರಜೆ ಮಂಗಳವಾರ. ನೀವು ಬರೆದ ಆ ಮಂಗಳವಾರ ಮಧ್ಯಾಹ್ನ ಊಟ ಮಾಡಿ ಕೂತು ಅವನಿಗೆ ಫೋನ್ ಮಾಡಿದ್ದೆ. ದೊಡ್ಡ ಕಾರಣವೇನೂ ಇರಲಿಲ್ಲ ಮೇಡಂ. ಹೊಸ ಫೋನಿನಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು, ದೊಡ್ಡದು ಮಾಡುವುದು ಹೇಗೆ ಅಂತ ಕೇಳಲಿಕ್ಕೆ. "ಕೆಲಸದಲ್ಲಿದೀಯಾ?" ಅಂದೆ. "ಪರವಾಗಿಲ್ಲ ಹೇಳಮ್ಮ" ಅಂದ. ಬಾಗಿಲು ಹಾಕಿದ ಸದ್ದು ಕೇಳಿಸಿತು. ನನಗೆ ಒಂದು ಸಲಕ್ಕೆ ಏನೂ ತಲೆಗೆ ಹೋಗುವುದಿಲ್ಲ. ಇದು ಒತ್ತು, ಅಲ್ಲಲ್ಲ ಅದರ ಕೆಳಗಿನದು, ಈಗ ಹಿಂದೆ ಬಾ, ಅಂತ ಚೂರೂ ಬೇಸರವಿಲ್ಲದೆ ಹೇಳಿಕೊಟ್ಟ. ಆಮೇಲೆ ಪಕ್ಕದ ಮನೆಯವರ ಜಗಳದ ಕಥೆಯನ್ನೂ ಹೇಳಿದೆ. ಅದನ್ನೂ ಕೇಳಿಸಿಕೊಂಡ.

ಅವನು ಹೊರಗೆ ಹೋಗಿದ್ದು ಅದಕ್ಕೆ. ನಿಮಗೆ ಹೇಳಿಲ್ಲ, ನನಗೂ ಹೇಳಿಲ್ಲ. ನನಗೆ ಗೊತ್ತಾಗಬಾರದೆಂದೇ ಇಷ್ಟೆಲ್ಲ ಸುಳ್ಳು ಕಟ್ಟಿದ್ದಾನೋ ಏನೋ.

ಆ ಹುಡುಗಿ ಹೇಗಿದ್ದಾಳೆ? ಅವಳ ತಾಯಿಗೆ ನನ್ನ ಕಡೆಯಿಂದ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಇನ್ನೊಂದು. ಈ ಭಾನುವಾರ ನಾನಾಗಿಯೇ ಲ್ಯಾಬಿನ ಕೆಲಸದ ಮಾತು ತೆಗೆದೆ. ಹುಡುಗನಿಗೆ ಏನು ಉತ್ಸಾಹ ಬಂತು ಗೊತ್ತಾ! "ಅಮ್ಮಾ, ಆ ಆಸಿಡ್ ಬೇಡವೇ ಬೇಡ. ಎಳೆ ಬೆಳೆಸೋ ಮೊದಲೇ ಬುಡದಲ್ಲಿ ಒಂದು ಗಂಟು ಹಾಕ್ಬೇಕು. ಬೆಳಕು ಬಿದ್ರೆ ತಾನೇ ಬಿಚ್ಕೊಳ್ಳೋ ಅಂಥದ್ದು. ಆಗ ಗುಂಡನ್ನ ಕರಗಿಸೋ ಕೆಲಸಾನೇ ಇಲ್ಲ" ಅಂದ. ಲ್ಯಾಬ್ ಬಿಟ್ಟವನಿಗೆ ಈ ಯೋಚನೆ ಏಕೆ? ನಿಮಗೇನಾದರೂ ಅರ್ಥವಾದರೆ ನನಗೂ ಹೇಳಿ.

ಗುಂಡನ ಅಮ್ಮ

---

ಆಗಸ್ಟ್ 5

ಅಕ್ಕ,

ಹೀಗೆ ಕರೆಯಬಹುದೇ? ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವರಿರಬೇಕು.

ಮೊದಲು ಗಿಣಿಯ ಸುದ್ದಿ. ಚೆನ್ನಾಗಿದ್ದಾಳೆ, ಬಾಯಿಗೆ ಬಿಡುವಿಲ್ಲ. ನಿಮ್ಮ ಮಗ ನನ್ನ ಫೋನ್ ಎತ್ತುವುದಿಲ್ಲವಾದರೂ ಅವಳಿಗೆ ವಾರಕ್ಕೊಂದು ಸಲ "ಬೆರಳು ಹೇಗಿದೆ?" ಎಂದು ಮೆಸೇಜ್ ಕಳಿಸುತ್ತಾನಂತೆ. ಅವಳು "ಇನ್ನೂ ಐದೇ ಇವೆ" ಎಂದು ಉತ್ತರಿಸುತ್ತಾಳೆ. ಅದಕ್ಕಿಂತ ಹೆಚ್ಚು ಅವಳೂ ಕೇಳಿಲ್ಲ, ಅವನೂ ಹೇಳಿಲ್ಲ. ನೀವು ಮಾಡಿದ ಫೋನ್ ವಿಷಯವನ್ನು ಅವಳಿಗೆ ನಾನು ಹೇಳಿಲ್ಲ. ಹೇಳಬೇಕಾದ ಅಗತ್ಯವೂ ಕಾಣಲಿಲ್ಲ. ಮಗನಿಗೆ ತಾಯಿ ಫೋನ್ ಮಾಡುವುದು ಯಾವ ವಿಚಾರಣೆಗೂ ಬರುವ ವಿಷಯವಲ್ಲ.

ಈಗ ಆ ಗಂಟಿನ ಮಾತು. ನಿಮ್ಮ ಪತ್ರದ ಆ ನಾಲ್ಕು ಸಾಲನ್ನು ಬೋರ್ಡಿನ ಮೇಲೆ ಬರೆದು ಬಹಳ ಹೊತ್ತು ನೋಡಿದೆ. ಇಂಥ ಗಂಟುಗಳನ್ನು ಬೇರೆ ಕೆಲಸಗಳಲ್ಲಿ ಜನ ಬಳಸಿದ್ದಾರೆ. ನಮ್ಮ ಗುಂಡುಗಳ ಮೇಲೆ ನಾವು ಯೋಚಿಸಿರಲಿಲ್ಲ. ಅವನು ಯೋಚಿಸಿದ್ದಾನೆ. ಎಲ್ಲಿದ್ದಾನೋ, ಆ ಮಧ್ಯಾಹ್ನವನ್ನು ತಲೆಯಲ್ಲಿ ಮತ್ತೆ ಮತ್ತೆ ನಡೆಸಿ, ಆಸಿಡ್ ಬಾಟಲಿಯನ್ನು ಅಲ್ಲಿಂದ ತೆಗೆದುಹಾಕುವ ದಾರಿ ಹುಡುಕಿದ್ದಾನೆ.

ಗಿಣಿ "ನಾನೇ ಮಾಡ್ತೀನಿ" ಎಂದು ಹಟ ಹಿಡಿದಳು. ಗಂಟು ತಯಾರಿಸುವುದಕ್ಕೇ ಮೂರು ವಾರ ಹಿಡಿಯಿತು. ಗುಂಡುಗಳಿಗೆ ಹಚ್ಚಿದೆವು, ಎಳೆ ಬೆಳೆಸಿದೆವು, ತೊಳೆದೆವು. ತೊಳೆಯುವಷ್ಟರಲ್ಲೇ ಎಲ್ಲ ಕಳಚಿಕೊಂಡು ಬಂತು. ಗುಂಡುಗಳು ಬೋಳಾಗಿ ತಳದಲ್ಲಿ ಮೊಸರಿನ ಹಾಗೆ ಕೂತವು. ಎರಡು ಸಲ ಮಾಡಿದರೂ ಅದೇ. ಕೋಣೆಯ ಬೆಳಕಿಗೇ ಬಿಚ್ಚಿಕೊಳ್ಳುತ್ತಿದೆ. ಕತ್ತಲಲ್ಲಿ ಕೆಲಸ ಮಾಡಲು ನಾವು ಬಾವಲಿಗಳಲ್ಲ. ಸದ್ಯಕ್ಕೆ ನಿಲ್ಲಿಸಿದ್ದೇವೆ.

ಹೀಗೆ ನಿಮಗೆ ಬರೆಯುವಾಗ ನನ್ನ ಕೆಲಸ ನನಗೇ ಹೊಸದಾಗಿ ಕಾಣುತ್ತದೆ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ ತಂಗಿ ಎಂದುಕೊಳ್ಳಿ

---

ಆಗಸ್ಟ್ 18

ತಂಗೀ,

ಎಲ್ಲ ಹಾಳುಮಾಡಿಬಿಟ್ಟೆ.

ನಿನ್ನ ಕಾಗದ ಓದಿ ನನಗೆ ತಡೆಯಲಾಗಲಿಲ್ಲ. ಒಂಬತ್ತನೇ ತಾರೀಕು ಭಾನುವಾರ ಅವನು ಮತ್ತೆ ಅದೇ ಗಂಟಿನ ಮಾತು ತೆಗೆದ. ನಾನು ಏನೂ ಅರಿಯದವಳ ಹಾಗೆ, "ಅಲ್ಲ ಕಣೋ, ಕೋಣೆ ಲೈಟಿಗೇ ಬಿಚ್ಕೊಂಡು ಬಿಟ್ರೆ ಏನ್ ಮಾಡ್ತೀಯ? ತೊಳೆಯೋವಾಗಲೇ?" ಅಂದೆ.

"ಕಿಟಕಿಗೂ ಟ್ಯೂಬ್‌ಲೈಟಿಗೂ ಹಳದಿ ಹಾಳೆ ಅಂಟಿಸಿದ್ರೆ ಆಯ್ತಮ್ಮ. ಹಳದಿ ಬೆಳಕಿಗೆ ಅದು ಬಿಚ್ಚಲ್ಲ" ಅಂದ. ಥಟ್ಟನೆ ಅಂದುಬಿಟ್ಟ. ಆಮೇಲೆ ಗಡಗಡ ಸದ್ದು ಮಾತ್ರ ಕೇಳುತ್ತಿತ್ತು.

"ಅಮ್ಮಾ, ತೊಳೆಯೋವಾಗ ಅಂತ ನಿನಗೆ ಯಾರು ಹೇಳಿದ್ರು?"

"ಯಾರೂ ಇಲ್ಲಪ್ಪ. ಬಸ್ಸಲ್ಲಿ ಯಾರೋ ಮಾತಾಡ್ತಿದ್ರು."

ಇಷ್ಟು ವರ್ಷ ಟಿಕೆಟ್ ಇಲ್ಲದವರ ಸುಳ್ಳನ್ನೆಲ್ಲ ಮುಖ ನೋಡಿಯೇ ಹಿಡಿದವಳು, ನನ್ನದೇ ಸುಳ್ಳು ನಾಲಿಗೆ ಮೇಲೆ ಎಡವಿತು. "ಸರಿ, ಇಡ್ತೀನಿ" ಅಂದ. ಇಟ್ಟ.

ಮೊನ್ನೆ ಭಾನುವಾರ ಫೋನ್ ಬರಲಿಲ್ಲ. ಸಂಜೆಯ ತನಕ ಫೋನನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ನಾನೇ ಮಾಡಿದರೆ ಸ್ವಿಚ್ ಆಫ್. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಸುಮ್ಮನೆ ಹೇಳಿಲ್ಲ. ನಿನ್ನೆ ಡ್ಯೂಟಿಯಲ್ಲಿ ಒಬ್ಬ ಮುದುಕಪ್ಪನಿಗೆ ಎರಡು ಸಲ ಟಿಕೆಟ್ ಕೊಟ್ಟೆ. "ಒಂದೇ ಜೀವ ಕಣಮ್ಮ" ಅಂದರು.

ಸಿಟ್ಟು ಬಂದರೆ ಬಯ್ಯಿ. ಏನು ಮಾಡಲಿ ಅಂತಲೂ ಹೇಳು.

ಅಕ್ಕ

---

ಆಗಸ್ಟ್ 27

ಅಕ್ಕ,

ಬಯ್ಯಲು ನನಗೇನು ಹಕ್ಕು? ಅವನು ಇಲ್ಲಿ ನನ್ನ ಕಣ್ಣೆದುರಿಗಿದ್ದ. ನಾನು ಒಂದು ಮಾತೂ ಕೇಳಲಿಲ್ಲ. ನೀವು ಅಷ್ಟು ದೂರದಿಂದ ಇಷ್ಟು ವಾರ ಅವನನ್ನು ಹಿಡಿದಿಟ್ಟುಕೊಂಡಿದ್ದಿರಿ.

ಏನು ಮಾಡಬೇಕೆಂದು ನನಗೂ ಗೊತ್ತಿಲ್ಲ. ಗೊತ್ತಿರುವುದನ್ನು ಮಾತ್ರ ಬರೆಯುತ್ತೇನೆ. ಅಂಗಡಿಯಿಂದ ಹಳದಿ ಹಾಳೆ ತರಿಸಿ ಕಿಟಕಿ, ದೀಪ ಎಲ್ಲಕ್ಕೂ ಅಂಟಿಸಿದೆವು. ಈಗ ಲ್ಯಾಬಿಗೆ ಬಂದವರೆಲ್ಲ ಕಾಮಾಲೆ ಆದವರ ಹಾಗೆ ಕಾಣುತ್ತಾರೆ. ಎಳೆಗಳು ಉಳಿದವು. ಎಷ್ಟು ತೊಳೆದರೂ ಉಳಿದವು. ಆಮೇಲೆ ಬೇಕೆಂದಾಗ ಬೇಕಾದ ದೀಪ ಹಾಕಿದೆವು, ಬಿಚ್ಚಿಕೊಂಡು ಬಂದವು. ಅಳತೆ ಸಿಕ್ಕಿತು. ಆಸಿಡ್ ಮುಟ್ಟಲೇ ಇಲ್ಲ. ಗಿಣಿ ಕೂಗಿದ ಕೂಗಿಗೆ ಪಕ್ಕದ ಲ್ಯಾಬಿನವರು ಮತ್ತೆ ಏನೋ ಆಯಿತೆಂದು ಓಡಿ ಬಂದರು.

ಅವಳು ಅವನಿಗೆ ಕಳಿಸಿದ ಮೆಸೇಜು ಇದು: "ಅಣ್ಣಾ, ಗಂಟು ನಿಂತಿತು. ಇದು ನಿಮ್ಮ ಕೆಲಸ, ನನಗೆ ಮುಂದೆ ಮಾಡೋಕೆ ಬರಲ್ಲ. ಬಂದು ಕಲಿಸಿ." ಮುಂದೆ ಮಾಡುವುದು ಅವಳಿಗೆ ಚೆನ್ನಾಗಿಯೇ ಬರುತ್ತದೆ. ಹಾಗೇ ಕಳಿಸಲು ಬಿಟ್ಟೆ.

ಅವನು ಅದನ್ನು ನೋಡಿದ್ದಾನೋ ಇಲ್ಲವೋ ತಿಳಿಯದು. ಸೆಪ್ಟೆಂಬರ್ ಕೊನೆಯವರೆಗೆ ಸೀಟು ಇದೆ.

ತಂಗಿ

---

ಸೆಪ್ಟೆಂಬರ್ 14

ತಂಗೀ,

ಬಂದ.

ಮನೆಗೆ ಬರಲಿಲ್ಲ, ಬಸ್ಸಿಗೆ ಬಂದ. ಆಫೀಸು ಬಿಡುವ ಹೊತ್ತು, ಕಾಲಿಡಲು ಜಾಗವಿಲ್ಲ. ನಾನು ಹಿಂದಿನಿಂದ ಟಿಕೆಟ್ ಕೊಡುತ್ತಾ ಬರುತ್ತಿದ್ದೇನೆ, ಕಂಬಿ ಹಿಡಿದ ಒಂದು ಕೈ ಕಂಡಿತು. ಮಗನ ಕೈ ತಾಯಿಗೆ ಗೊತ್ತಾಗದೇ? ಉಗುರಿನ ಸಂದಿಯಲ್ಲೆಲ್ಲ ಬಣ್ಣ. ಬಾಯಿಗೆ ಅಭ್ಯಾಸವಾದದ್ದೇ ಬಂತು.

"ಎಲ್ಲಿಗೆ?"

"ಕೊನೇ ಸ್ಟಾಪು" ಅಂದ.

ಟಿಕೆಟ್ ಹರಿದು ಕೊಟ್ಟೆ. ದುಡ್ಡು ಇಸ್ಕೊಂಡೆ. ಹಿಂದಿನವರು "ಕಂಡಕ್ಟರಮ್ಮ, ಇಲ್ಲೊಂದು ಟಿಕೆಟ್" ಅಂತ ಕೂಗುತ್ತಿದ್ದರು, ಹೋದೆ. ಅಲ್ಲಿಂದ ಕೊನೆಯ ಸ್ಟಾಪಿನ ತನಕ ಜನ ಇಳಿಯುತ್ತಾ ಇಳಿಯುತ್ತಾ, ನಾನು ಅವನ ಬೆನ್ನು ನೋಡುತ್ತಾ ನೋಡುತ್ತಾ. ಕೊನೆಗೆ ನಾವಿಬ್ಬರೇ ಉಳಿದೆವು. ಡ್ರೈವರಣ್ಣ ಕನ್ನಡಿಯಲ್ಲಿ ಒಮ್ಮೆ ನೋಡಿದ. ಎಂಜಿನ್ ಆರಿಸಿ, ಚಹಾ ಕುಡಿಯಲು ಇಳಿದುಹೋದ.

ನಾನು ಅವನ ಪಕ್ಕ ಕೂತೆ. ಇಬ್ಬರೂ ಮುಂದಿನ ಗಾಜನ್ನೇ ನೋಡುತ್ತಿದ್ದೆವು.

"ಪೇಂಟ್ ಅಂಗಡೀಲಿ ಇದೀನಮ್ಮ. ಬಣ್ಣ ಬೆರೆಸಿಕೊಡೋ ಕೆಲಸ. ಆ ಗಡಗಡ ಅದೇ, ಡಬ್ಬ ಅಲ್ಲಾಡಿಸೋ ಮಷೀನು" ಅಂದ.

"ಹೊಟ್ಟೆಗೆ?"

"ತಿಂತಿದೀನಿ."

"ಆ ದಿನ ನೀನು ಲ್ಯಾಬಿಂದ ಹೊರಗೆ ಹೋಗಿದ್ದು ನನ್ನ ಫೋನಿಗೆ ಅಂತ ನನಗೆ ಗೊತ್ತು ಗುಂಡ."

ಅವನು ತಿರುಗಿ ನೋಡಿದ. "ನಿನಗೆ ಗೊತ್ತಾಗಬಾರದು ಅಂತಲೇ..." ಅಂದ. ನನ್ನ ಭುಜದ ಮೇಲೆ, ಆ ಖಾಕಿ ಅಂಗಿಯ ಮೇಲೆ ಮುಖ ಇಟ್ಟು ಅತ್ತ. ಇಪ್ಪತ್ತೇಳು ವರ್ಷದ ಗಂಡಸು. ನಾನು ಅಳಲಿಲ್ಲ. ನನ್ನ ಪಾಲಿನದು ಜೂನಿನಲ್ಲೇ ಮುಗಿದಿತ್ತು.

"ಅವಳಿಗೆ ಏನಾದ್ರೂ ಆಗಿದ್ರೆ?" ಅಂದ.

"ಆಗಿದ್ರೆ ನಾವಿಬ್ರೂ ಹೋಗಿ ಅವರ ಮನೆ ಬಾಗಿಲಲ್ಲಿ ನಿಲ್ತಿದ್ವಿ. ನೀನೊಬ್ಬನೇ ಓಡಿ ಹೋಗ್ತಿರಲಿಲ್ಲ" ಅಂದೆ. ಇದು ಬಯ್ದ ಹಾಗಾಯಿತೋ ಸಮಾಧಾನ ಮಾಡಿದ ಹಾಗಾಯಿತೋ ನನಗೇ ತಿಳಿಯಲಿಲ್ಲ.

ಈಗ ಮನೆಯಲ್ಲಿದ್ದಾನೆ. ಎರಡು ದಿನದಿಂದ ಬರೀ ನಿದ್ದೆ. ಅಲ್ಲಿಗೆ ಬರುತ್ತಾನೋ ಇಲ್ಲವೋ ನಾನು ಕೇಳಿಲ್ಲ. ಬರಲೇಬೇಕು ಅಂತ ಒತ್ತಾಯ ಮಾಡಲಾರೆ, ನೀನೂ ಮಾಡಬೇಡ. ಅವನು ಪೇಂಟ್ ಅಂಗಡಿಯಲ್ಲೇ ಇದ್ದರೂ ನನ್ನ ಮಗನೇ. ಆದರೆ ಇವತ್ತು ಬೆಳಿಗ್ಗೆ ಎದ್ದವನೇ, "ಹಳದಿ ಹಾಳೆ ಎಷ್ಟು ಪದರ ಅಂಟಿಸಿದ್ರಂತೆ?" ಅಂತ ಕೇಳಿದ.

ಅಕ್ಕ

---

ಸೆಪ್ಟೆಂಬರ್ 24

ಅಕ್ಕ,

ನಿನ್ನೆ ಬಂದ. ಬಾಗಿಲ ಹೊರಗೇ ನಿಂತಿದ್ದ. ಗಿಣಿ ಹೋಗಿ ಬೆರಳು ಅವನ ಮೂಗಿನ ಮುಂದೆ ಹಿಡಿದಳು. ಉಗುರು ಮತ್ತೆ ಬಂದಿದೆ, ಸ್ವಲ್ಪ ಸೊಟ್ಟ. "ಮುಟ್ಟಿ ನೋಡಿ, ಗೋಂದು ಹಚ್ಚಿ ಅಂಟಿಸಿಲ್ಲ" ಅಂದಳು. ಅವನಿಗೆ ನಗು ಬಂತು, ತಡೆದುಕೊಂಡ, ಆಗಲಿಲ್ಲ.

ಆರು ತಿಂಗಳು ಹೊರಗಿದ್ದವರು ಮತ್ತೆ ತರಬೇತಿ ಪಡೆಯಬೇಕು. ಅವನಿಗೆ ಕಲಿಸಿದವಳು ಗಿಣಿಯೇ. ತಾನು ಒಂದು ಕಾಲಕ್ಕೆ ಅವಳಿಗೆ ಹೇಳಿಕೊಟ್ಟದ್ದನ್ನೆಲ್ಲ ತಲೆತಗ್ಗಿಸಿ ಕೇಳಿಸಿಕೊಂಡ. ಗ್ಲೋವ್ಸಿಗೆ ಗಾಳಿ ಊದಿ ತೂತು ನೋಡುವುದನ್ನು ಮೂರು ಸಲ ಮಾಡಿಸಿದಳು.

ಮಧ್ಯಾಹ್ನ ಅವನನ್ನು ನನ್ನ ಕೋಣೆಗೆ ಕರೆದು, ಬಾಗಿಲು ಹಾಕಿ, ಆ ದಿನ ಏನಾಯಿತು ಹೇಳು ಎಂದೆ. ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಕೂತು ಕೇಳಿದೆ ಎಂದಷ್ಟೇ ನಿಮಗೆ ತಿಳಿಸಬೇಕಿತ್ತು.

ಇನ್ನು ನಿಮಗೆ ಬರೆಯುವ ಸರದಿ ಅವನದು ಎಂದು ಹೇಳಿದ್ದೇನೆ. ನಾನು ಬರೆಯುವುದನ್ನು ನಿಲ್ಲಿಸುತ್ತೇನೆ ಎಂದಲ್ಲ.

ತಂಗಿ

---

ನವೆಂಬರ್ 19

ಅಮ್ಮಾ,

ಫೋನಿನಲ್ಲಿ ಹೇಳಿದರೆ ಸಾಲದು, ಬರೆದು ಹೇಳು ಎಂದು ಮೇಡಂ ತಲೆ ತಿನ್ನುತ್ತಿದ್ದಾರೆ. ನೀವಿಬ್ಬರೂ ನನಗೆ ಗೊತ್ತಿಲ್ಲದ ಹಾಗೆ ಅಕ್ಕತಂಗಿಯರಾಗಿದ್ದೀರಿ. ನನ್ನ ಗತಿ ಏನು?

ಈ ತಿಂಗಳು ಮೂವರು ಹೊಸಬರು ಬಂದಿದ್ದಾರೆ. ಅವರಿಗೆ ಕಲಿಸುವ ಕೆಲಸ ನಿನಗೆ ಕೊಡಲೇ ಎಂದು ಮೇಡಂ ಕೇಳಿದರು. ಕೊಡಲೇ ಎಂದು ಕೇಳಿದರು, ತಗೋ ಎಂದು ಹೇಳಲಿಲ್ಲ. ನಾಲ್ಕು ದಿನ ಯೋಚಿಸಿ ಹೂಂ ಎಂದೆ. ಹೆದರಿಕೆ ಹೋಗಿಲ್ಲ ಅಮ್ಮ. ಅವರು ಬಾಟಲಿ ಎತ್ತಿದರೆ ನನ್ನ ಅಂಗೈ ಬೆವರುತ್ತದೆ.

ಇವತ್ತು ಗುಂಡುಗಳನ್ನು ಬೆಳೆಸುವ ಮೊದಲನೆಯ ಪಾಠ. ಅದರಲ್ಲಿ ಭಯಪಡುವಂಥದ್ದೇನಿಲ್ಲ, ಸ್ಪಿರಿಟ್ಟು, ನೀರು, ಮೂಗಿಗೆ ಹೊಡೆಯುವ ಅಮೋನಿಯಾ. ಮೂವರಲ್ಲಿ ಒಬ್ಬ ಬಹಳ ಮೆತ್ತಗಿನ ಹುಡುಗ. ಏನೋ ಚೆಲ್ಲಿಕೊಂಡು, ಯಾರಿಗೂ ಕಾಣದಂತೆ ಕೈಯನ್ನು ಕೋಟಿನ ಜೇಬಿಗೆ ತುರುಕಿದ. ನಾನು ನೋಡಿದೆ. ಬಯ್ಯಲಿಲ್ಲ. ತೋಳು ಹಿಡಿದು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಕೈಯನ್ನು ನೀರಿನ ಕೆಳಗೆ ಹಿಡಿಸಿದೆ.

"ಉರೀತಿಲ್ಲ ಅಣ್ಣ, ಏನೂ ಆಗಿಲ್ಲ" ಅಂದ.

"ಆಗದಿದ್ರೂ ಇರಲಿ. ಹಿಡ್ಕೊಂಡಿರು."

ಅವನ ಪಕ್ಕದಲ್ಲೇ ನಿಂತೆ. ಊರು, ಮನೆ, ಯಾವ ಬಸ್ಸಿನಲ್ಲಿ ಬರುತ್ತೀಯ ಎಂದೆಲ್ಲ ಕೇಳಿದೆ. ಮೆಲ್ಲಗೆ ಮಾತು ಬಂತು. ಕೈ ನೋಡಿದೆ, ಕೆಂಪು ಕೂಡ ಆಗಿರಲಿಲ್ಲ.

"ಮೇಡಂಗೆ ಹೇಳ್ತೀರಾ ಅಣ್ಣ?" ಎಂದು ಕೇಳಿದ. ಅವನ ಮುಖ ನೋಡಬೇಕಿತ್ತು ಅಮ್ಮ.

"ನೀನೇ ಹೇಳಬೇಕು. ನಾನೂ ಜೊತೆಗೆ ಬರ್ತೀನಿ" ಅಂದೆ.

ಇಬ್ಬರೂ ಕೈ ಒರೆಸಿಕೊಂಡು ಮೇಡಂ ಕೋಣೆಗೆ ಹೋದೆವು.

ನಿನ್ನ,
ಗುಂಡ